ಅಪ್ಪನ ಹತ್ತಿಬಿಲ್ಲು

ಜನವರಿ ೩೦, ಶುಕ್ರವಾರ

ರಟ್ಟೆ ಇನ್ನೂ ನೋಯುತ್ತಿದೆ. ಹತ್ತಿ ಹಿಂಜುವ ಬಿಲ್ಲನ್ನು ಕೈಗೆತ್ತಿಕೊಂಡು ಎಷ್ಟು ವರ್ಷವಾಗಿತ್ತೋ.

ದುರ್ಗದ ಕಾಲೇಜಿನಲ್ಲಿ ಇವತ್ತು ವಿಚಾರಗೋಷ್ಠಿ. ವಿಶ್ವೇಶ್ವರಯ್ಯನವರ ಕೈಗಾರಿಕೆ, ಗಾಂಧೀಜಿಯ ಅಹಿಂಸೆ, ಜೊತೆಗೆ ಆತ್ಮವಿಕಾಸ ಅಂತ ಏನೋ ಒಂದು. ಭಾಷಣ ಮುಗಿದ ಮೇಲೆ ಅಪ್ಪನ ಬಿಲ್ಲಿನಿಂದ ಹತ್ತಿ ಹಿಂಜಿ ತೋರಿಸಬೇಕೆಂದು ಮೇಷ್ಟ್ರು ನಾಗಭೂಷಣ ನನ್ನನ್ನು ಕರೆದಿದ್ದರು.

ಹಳೇ ಹಾಸಿಗೆಯ ಹತ್ತಿಯನ್ನು ಮುಂದೆ ಸುರಿದರು. ನನ್ನ ಕೈ ಬಿಲ್ಲಿಗೆ ಹೋಗದೆ ಹತ್ತಿಯೊಳಗೆ ಹೋಯಿತು. ಮೆಲ್ಲಗೆ ಕೆದರಿ ನೋಡುತ್ತಲೇ ಇದ್ದೆ.

"ಶುರು ಮಾಡ್ರಿ ಹಫೀಜಣ್ಣ, ಟೈಮಾಗ್ತೈತೆ" ಎಂದರು ನಾಗಭೂಷಣ. ಹುಡುಗರು ನಕ್ಕರು. ನನಗೆ ಸಿಟ್ಟು ಬಂತು, ಪೂರ್ತಿ ಕೆದರಿ ನೋಡಿದ ಮೇಲೆಯೇ ಬಿಲ್ಲು ಎತ್ತಿದೆ.

ಅಪ್ಪ ಹಾಗೇ ಮಾಡುತ್ತಿದ್ದರು. ಹಳೇ ಹತ್ತಿಯಲ್ಲಿ ಹಲ್ಲಿಯ ಮೊಟ್ಟೆ, ಇಲಿಮರಿ ಇರುತ್ತಿದ್ದವು. "ಲೇ, ಒಳಗೆ ಯಾರಾದ್ರೂ ಅದಾರೇನೋ ನೋಡು" ಎನ್ನುತ್ತಿದ್ದರು, ನೆಂಟರ ಮನೆ ಬಾಗಿಲು ತಟ್ಟಿದವರಂತೆ. ಇದ್ದರೆ ತಮ್ಮ ಟೋಪಿಯಲ್ಲಿಟ್ಟುಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುತ್ತಿದ್ದರು. ಆಮೇಲೆಯೇ ಬಿಲ್ಲಿನ ಹೆದೆಗೆ ಮೊದಲ ಏಟು. ಆ ಟುಂಯ್ ಟುಂಯ್ ಸದ್ದು ಕೇಳುತ್ತಲೇ ನಾನು ನಿದ್ದೆ ಹೋಗುತ್ತಿದ್ದೆ.

ಈಗ ನನ್ನ ಅಂಗಡಿಯಲ್ಲಿ ಹತ್ತಿ ಹಿಂಜುವುದು ಮಷೀನು. ಅದನ್ನು ಬೈಯಲಾರೆ, ಅನ್ನ ಕೊಟ್ಟಿದೆ. ಬಿಲ್ಲು ಬಡಿದು ಬಡಿದು ಹತ್ತಿಯ ದೂಳಿಗೆ ಅಪ್ಪನಿಗೆ ಹಿಡಿದ ಕೆಮ್ಮೂ ನೆನಪಿದೆ. ಆದರೆ ಮಷೀನಿಗೆ ಹತ್ತಿ ಹಾಕುವಾಗ ಹಾಗೆ ಕೇಳುವ ಅಭ್ಯಾಸ ಯಾರಿಗೂ ಇಲ್ಲ.

ಸಂಜೆ ಅಂಗಡಿಗೆ ಬಂದಾಗ ಮಷೀನು ಓಡುತ್ತಿತ್ತು. ನಿಲ್ಲಿಸಿ, ಹಿಂಜಬೇಕಿದ್ದ ಹತ್ತಿಯ ಮುಂದೆ ಕುಳಿತೆ.

"ಕರೆಂಟ್ ಹೋತೇನ್ರಿ?" ಒಳಗಿನಿಂದ ಹೆಂಡತಿ ಖಾತುನ್ ಕೂಗಿದಳು.

"ಇಲ್ಲ, ತಡಿ. ಒಳಗೆ ಯಾರಾದ್ರೂ ಅದಾರೇನೋ ನೋಡ್ತಿದೀನಿ."