ಚೀಸು ಈರುಳ್ಳಿಯ ಪೈ

ಥಾರ್ನ್‌ಕ್ಲಫ್, ಯಾರ್ಕ್‌ಷೈರ್
18 ಮೇ 2025, ಭಾನುವಾರ

ಪ್ರೀತಿಯ ರಿಫತ್,

ನಿನಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಒಂಬತ್ತು ವರ್ಷದಿಂದ ಏನಿದ್ದರೂ ಫೋನು, ಇಲ್ಲವೇ ನೀನೇ ಕಾರು ಹತ್ತಿ ಗುಡ್ಡದ ಮೇಲಕ್ಕೆ ಬರುತ್ತಿದ್ದೆ. ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ಮುದುಕಿಗೆ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಮೊಣಕಾಲು ನೋವು ಬಿಟ್ಟರೆ ಚೆನ್ನಾಗಿದ್ದೇನೆ. ನಿನ್ನೆಯ ಪಂದ್ಯದಲ್ಲಿ ನಮ್ಮವರು ಸೋತರು. ಹಾರೂನ್ ನಲವತ್ತೊಂದು ಹೊಡೆದು ರನ್‌ಔಟ್ ಆದ. ತಪ್ಪು ಅವನದಲ್ಲ, ಟ್ರೆವರ್‌ನ ಮೊಮ್ಮಗ ಓಡು ಎಂದು ಕೂಗಿ ತಾನು ನಿಂತಲ್ಲಿಂದ ಕದಲಲಿಲ್ಲ. ನಿನ್ನ ಮಗ ಇದನ್ನು ನಿನಗೆ ಹೇಳಿರುವುದಿಲ್ಲ, ಅವನು ಯಾರ ಮೇಲೂ ದೂರು ಹೇಳುವವನಲ್ಲ.

ಗುರುವಾರ ನೀನು ಬಂದಾಗ, ಬರುವ ಶುಕ್ರವಾರದ ವಿಮಾನಕ್ಕೆ ಹಜ್ ಯಾತ್ರೆಗೆ ಹೊರಟಿದ್ದೀಯಲ್ಲ, ಹೋಗಿ ಬರುತ್ತೇನೆ ಎಂದು ಹೇಳಲು ಬಂದಿದ್ದೀಯ ಎಂದುಕೊಂಡಿದ್ದೆ. ನೀನು ಕೂರಲಿಲ್ಲ. ಅಡುಗೆಮನೆಯಲ್ಲಿ ನಿಂತು ನನ್ನ ಎರಡೂ ಕೈ ಹಿಡಿದುಕೊಂಡೆ.

“ಆಂಟಿ, ಹೊರಡೋಕೆ ಮುಂಚೆ ಎಲ್ರ ಹತ್ರ ಮಾಫಿ ಕೇಳ್ಕೋಬೇಕು ನಮ್ಮಲ್ಲಿ. ಇಷ್ಟು ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ದೆನೋ ನಿಮ್ಮ ಮನಸ್ಸಿಗೆ ನೋವು ಮಾಡಿದ್ರೆ ಕ್ಷಮಿಸಿಬಿಡಿ,” ಅಂದೆ.

“ಏನು ಹುಚ್ಚು ಮಾತು, ಕೂತ್ಕೋ, ಟೀ ಮಾಡ್ತೀನಿ,” ಅಂದೆ ನಾನು.

“ಹಾಗಲ್ಲ. ಬಾಯಿ ಬಿಟ್ಟು ಹೇಳ್ಬೇಕು.”

ಹೇಳಿದೆ. ಆಮೇಲೆ ನೀನು, “ನಾನೂ ನಿಮ್ಮನ್ನ ಎಲ್ಲದಕ್ಕೂ ಕ್ಷಮಿಸಿದೀನಿ. ನಿಮ್ಮಿಂದ ಏನು ಮಹಾ ತಪ್ಪಾಗಿರುತ್ತೆ, ಆದ್ರೂ ಹೇಳ್ಬೇಕಲ್ಲ,” ಎಂದು ನಕ್ಕೆ. ನಾನು ನಿನಗೆ ಬೆನ್ನು ಮಾಡಿ ಕೆಟಲ್‌ಗೆ ನೀರು ತುಂಬಿಸಿದೆ. ನಮ್ಮ ಜನಕ್ಕೆ ದೊಡ್ಡ ಮಾತು ಎದುರಾದರೆ ಮಾಡಲು ತಿಳಿದಿರುವುದು ಅದೊಂದೇ ಕೆಲಸ. ನಿನಗೆ ಹೇಳಬೇಕಾದದ್ದೊಂದು ಹಾಗೇ ಉಳಿಯಿತು. ನೀನು ಟೀ ಕುಡಿದು, ನನ್ನ ಕೆನ್ನೆಗೆ ಮುತ್ತಿಟ್ಟು, ಕಾರು ಹತ್ತಿ ಹೊರಟುಹೋದೆ. ಅಲ್ಲಿಂದ ಇಲ್ಲಿಯವರೆಗೆ ನಾನು ಸರಿಯಾಗಿ ಉಂಡಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ಒಂಬತ್ತು ವರ್ಷದ ಹಿಂದಿನ ವಸಂತದಲ್ಲಿ ನಮ್ಮ ಹಳ್ಳಿಯ ಕ್ರಿಕೆಟ್ ತಂಡಕ್ಕೆ ಹನ್ನೊಂದು ಜನ ಸಿಗುತ್ತಿರಲಿಲ್ಲ. ಒಂಬತ್ತು ಜನ ಇಟ್ಟುಕೊಂಡು ಆಡಿ ನಗೆಪಾಟಲಾಗಿದ್ದೆವು. ಕೆಳಗಿನ ಪಟ್ಟಣದಲ್ಲಿ ಚೀಟಿ ಅಂಟಿಸಿದ ಮೇಲೆ ನಿನ್ನ ಹಾರೂನ್ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬರುತ್ತೇನೆ ಎಂದ. ಆ ಸುದ್ದಿ ಬಂದ ಸಂಜೆ ಪೆವಿಲಿಯನ್‌ನ ಬಾರಿನಲ್ಲಿ ಟ್ರೆವರ್ ಹೇಳಿದ, “ಇನ್ಮೇಲೆ ಟೀ ಜೊತೆ ಹಂದಿ ಹ್ಯಾಮ್ ಇರಲ್ಲ, ನೋಡ್ತಿರಿ. ಆಮೇಲೆ ಬಿಯರ್ ನಿಲ್ಲಿಸ್ತಾರೆ. ಆಮೇಲೆ ನಮ್ಮನ್ನೇ ಆಚೆ ಕಳಿಸ್ತಾರೆ.” ಎಲ್ಲರೂ ನಕ್ಕರು. ನಾನು ಲೋಟ ತೊಳೆಯುತ್ತಲೇ ಇದ್ದೆ. ಅದೇ ಜೂನ್ ತಿಂಗಳಲ್ಲಿ ಯುರೋಪಿನಿಂದ ಹೊರಬರುವ ಮತದಾನವಿತ್ತಲ್ಲ, ಹಳ್ಳಿಯವರೆಲ್ಲ ಹಾಕಿದ ಕಡೆಗೇ ನಾನೂ ಹಾಕಿದೆ. ನೀನು ಎಂದೂ ಕೇಳಲಿಲ್ಲ, ನಾನು ಹೇಳಲಿಲ್ಲ. ಯಾಕೆ ಹಾಗೆ ಹಾಕಿದೆ ಎಂದು ಈಗ ಕೇಳಿದರೆ ಹೇಳಲು ನನಗೂ ಬರುವುದಿಲ್ಲ.

ಮೊದಲ ಶನಿವಾರ ಹುಡುಗರು ಮೈದಾನಕ್ಕಿಳಿದರು, ನೀನು ಕಾರಿನಿಂದ ಇಳಿಯಲಿಲ್ಲ. ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದೆ. ನಾನು ಟೀ ಹಿಡಿದುಕೊಂಡು ಬಂದು ಗಾಜು ತಟ್ಟಿದೆ. ಮಾತು ಶುರುಮಾಡಲು ಬೇರೇನೂ ತೋಚದೆ, “ನೀವು ಎಲ್ಲಿಂದ ಬಂದೋರು?” ಎಂದು ಕೇಳಿದೆ.

“ಬಸ್ ಸ್ಟ್ಯಾಂಡ್ ಹಿಂದಿನ ಬೀದಿ,” ಅಂದೆ ನೀನು.

“ಅಲ್ಲ, ಮೂಲದಲ್ಲಿ?”

“ಮೂಲದಲ್ಲಿ ಸರ್ಕಾರಿ ಆಸ್ಪತ್ರೆ, ಮೂರನೇ ಮಹಡಿ.”

ನನ್ನ ಮುಖ ಕಿವಿಯವರೆಗೂ ಕೆಂಪಾಯಿತು. ಆಮೇಲೆ ನೀನು ನಕ್ಕೆ, ನಾನೂ ನಕ್ಕೆ, ನೀನು ಗಾಜು ಇಳಿಸಿದೆ. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಟೀ ಹೊತ್ತಿಗೆ ನೀನು ಪೆವಿಲಿಯನ್ ಬಾಗಿಲಿಗೆ ಬಂದು ನನ್ನ ಪೈ ತೋರಿಸಿ, “ಇದ್ರಲ್ಲಿ ಮಾಂಸ ಇದೆಯಾ?” ಎಂದು ಕೇಳಿದೆ. “ಚೀಸು, ಈರುಳ್ಳಿ, ಅಷ್ಟೇ. ಒಳಗೆ ಮಾಂಸದ ಚೂರೂ ಇಲ್ಲ,” ಅಂದೆ. ನೀನು ಹಾರೂನ್ ಕಡೆ ತಿರುಗಿ, “ಈ ಆಂಟಿ ಕೊಟ್ಟಿದ್ದು ತಿನ್ನು. ಬೇರೆ ಯಾರು ಕೊಟ್ರೂ ಬೇಡ,” ಅಂದೆ. ಆಗ ಅವನಿಗೆ ಹದಿನೇಳು. ಮೂರು ತುಂಡು ತಿಂದ.

ಆ ಮಾತಿನಿಂದ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಮೂವತ್ತೊಂದು ವರ್ಷ ಆ ಮೈದಾನದಲ್ಲಿ ಟೀ ಕೊಟ್ಟಿದ್ದೆ, ನನ್ನ ಕೈ ಅಡುಗೆಯನ್ನು ಯಾರೂ ಹಾಗೆ ನಂಬಿರಲಿಲ್ಲ. ಹುಡುಗರಿಗೆಂದು ಬೇರೆ ಮೇಜು ಹಾಕಿದೆ, ಬೇರೆ ಚಾಕು ತಂದೆ. ಹ್ಯಾಮ್ ಮುಟ್ಟಿದ ಫೋರ್ಕನ್ನು ಟ್ರೆವರ್ ಪೈಗೆ ಚುಚ್ಚಲು ಬಂದಾಗ ಅವನ ಕೈಗೆ ಸೌಟಿನಿಂದ ಒಂದೇಟು ಕೊಟ್ಟಿದ್ದೆ, ನಿನಗೆ ನೆನಪಿರಬೇಕು, ನೀನು ಅದನ್ನು ನಿನ್ನ ಅಕ್ಕಂದಿರಿಗೆಲ್ಲ ಹೇಳಿ ನಗಿಸಿದ್ದೆ.

ರಿಫತ್, ಆ ಪೈನ ಒಳಗೆ ಮಾಂಸ ಇರಲಿಲ್ಲ. ಹೊರಗಿನ ಕಣಕವನ್ನು ನಾನು ನಮ್ಮಮ್ಮ ಕಲಿಸಿದ ಹಾಗೆ ಕಲಸುತ್ತಿದ್ದೆ. ಮೈದಾ, ಉಪ್ಪು, ಅರ್ಧ ಬೆಣ್ಣೆ, ಅರ್ಧ ಹಂದಿಕೊಬ್ಬು.

ಇಷ್ಟು ಬರೆದು ಎದ್ದು ಹೋಗಿ ಕೈ ತೊಳೆದು ಬಂದೆ. ಯಾಕೋ ಗೊತ್ತಿಲ್ಲ.

ನನ್ನನ್ನು ನಂಬುವುದಾದರೆ ನಂಬು, ನನಗೆ ಅದು ಹೊಳೆದೇ ಇರಲಿಲ್ಲ. ಮಾಂಸ ಎಂದರೆ ನಮ್ಮಲ್ಲಿ ಚಾಕುವಿನಿಂದ ಕೊಯ್ದು ತಿನ್ನುವುದು. ಕೊಬ್ಬು ಎಂದರೆ ಮೈದಾ, ಉಪ್ಪಿನ ಜೊತೆ ಕಪಾಟಿನಲ್ಲಿರುವ ಸಾಮಾನು, ಕಾಗದದಲ್ಲಿ ಸುತ್ತಿದ ಬಿಳಿ ಗಟ್ಟಿ. ಅದು ಹಂದಿಯದು ಎಂದು ಯಾರಾದರೂ ಕೇಳಿದ್ದರೆ ಹೌದು ಎನ್ನುತ್ತಿದ್ದೆ, ಆದರೆ ಯಾರೂ ಕೇಳಲಿಲ್ಲ. ನೀನು ಮಾಂಸ ಇದೆಯಾ ಎಂದು ಕೇಳಿದೆ, ನಾನು ಇಲ್ಲ ಎಂದೆ.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ನನ್ನ ತಂಗಿಯ ಮೊಮ್ಮಗಳು ಫ್ರೇಯಾ ಪೈ ಕಲಿಯುತ್ತೇನೆ ಎಂದು ಬಂದಿದ್ದಳು. ಅವಳು ಮಾಂಸ ಬಿಟ್ಟವಳು. ಕೊಬ್ಬಿನ ಪೊಟ್ಟಣ ಕೈಗೆತ್ತಿಕೊಂಡು, “ಅಜ್ಜಿ, ಇದು ಹಂದಿದಲ್ವಾ? ಇದನ್ನ ಹಾರೂನ್‌ಗೆ ತಿನ್ನಿಸ್ತೀಯಾ?” ಎಂದು ಕೇಳಿದಳು. ನಾನು ಅಲ್ಲೇ ಕುರ್ಚಿಯ ಮೇಲೆ ಕುಸಿದೆ. ಆ ವಾರದಿಂದ ವನಸ್ಪತಿಯ ಗಟ್ಟಿ ತಂದು ಕಲಸುತ್ತಿದ್ದೇನೆ. ಕಣಕ ಮೊದಲಿನಂತೆ ಪದರ ಬಿಡುವುದಿಲ್ಲ. “ಏನಮ್ಮ ಗ್ಲೆಂಡಾ, ಪೈಗೆ ಸಿಮೆಂಟ್ ಹಾಕ್ತಿದೀಯಾ?” ಎಂದು ಟ್ರೆವರ್ ಎಲ್ಲರ ಎದುರು ಕೇಳಿದ. ವಯಸ್ಸಾಯಿತು, ಕೈ ಹೋಯಿತು ಎಂದು ಉಳಿದವರು ಅಂದುಕೊಂಡರು. ಆ ಅವಮಾನವನ್ನು ಬಾಯಿ ಮುಚ್ಚಿಕೊಂಡು ನುಂಗಿದೆ, ನುಂಗಿದ್ದಕ್ಕೆ ಲೆಕ್ಕ ಸರಿಹೋಯಿತು ಎಂದುಕೊಂಡೆ.

ಹೇಳಲು ಸಮಯ ಇರಲಿಲ್ಲವೇ ಎಂದರೆ ಬೇಕಾದಷ್ಟಿತ್ತು. ಮೂರು ವರ್ಷದ ಹಿಂದೆ ನನ್ನ ಗಂಡ ಕ್ಲೈವ್ ತೀರಿಕೊಂಡಾಗ ಹಳ್ಳಿಯವರು ಚೆಂದದ ಕಾರ್ಡು ಕಳಿಸಿದರು, ಏನಾದರೂ ಬೇಕಿದ್ದರೆ ತಿಳಿಸು ಎಂದು ಅದರಲ್ಲಿ ಬರೆದಿದ್ದರು. ನೀನು ಬರೆಯಲಿಲ್ಲ, ಕೇಳಲೂ ಇಲ್ಲ. ಮೂರು ದಿನ ಪಾತ್ರೆ ಹೊತ್ತು ತಂದು ನನ್ನ ಎದುರು ಕೂತು ಉಣ್ಣಿಸಿದೆ. ಶವಸಂಸ್ಕಾರದ ದಿನ ಟ್ರೆವರ್‌ನ ಹೆಂಡತಿ ನನ್ನ ಕಿವಿಯಲ್ಲಿ, “ಅವರೆಲ್ರೂ ಇವಳ ಥರ ಇದ್ದಿದ್ರೆ ಏನು ತೊಂದರೆ ಇರ್ತಿತ್ತು ಹೇಳು,” ಅಂದಳು. ನಾನು ತಲೆಯಾಡಿಸಿದೆ. ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಕಳೆದ ಆಗಸ್ಟಿನಲ್ಲಿ ಊರೂರಲ್ಲಿ ಗಲಾಟೆಯಾಗಿ ಮಸೀದಿಗಳ ಮೇಲೆ ಕಲ್ಲು ಇಟ್ಟಿಗೆ ಎಸೆಯುತ್ತಿದ್ದಾಗ ನಿನಗೆ ಫೋನು ಮಾಡಿದೆ. “ನಿಮ್ಮಂಥೋರ ಮೇಲಲ್ಲ ಕಣೆ ಅವರ ಕೋಪ, ನೀನು ಹೆದರ್ಕೋಬೇಡ,” ಎಂದು ಧೈರ್ಯ ಹೇಳಿದೆ. ನೀನು, “ಇಟ್ಟಿಗೆಗೆ ಅದು ಗೊತ್ತಾಗಲ್ಲ ಆಂಟಿ,” ಅಂದೆ. ಆ ವಾರ ಅಂಗಡಿಗೆ ಹೋಗಲು ನಿನಗೆ ಭಯ ಎಂದು ಹಾರೂನ್ ಹೇಳಿದ ಮೇಲೆ ತಿಳಿಯಿತು. ನಾನು ಬಸ್ಸು ಹತ್ತಿ ಬರಬಹುದಿತ್ತು. ಬರಲಿಲ್ಲ.

ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ಹಾರೂನ್‌ನ ಮದುವೆ. ನಾಲ್ಕು ನೂರು ಜನರ ನಡುವೆ ನನ್ನನ್ನು ನಿನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ನಿನ್ನ ಅಕ್ಕಂದಿರಿಗೆ ನಿಮ್ಮ ಭಾಷೆಯಲ್ಲಿ ಏನೋ ಹೇಳಿ, ನನಗೂ ತಿಳಿಯಲೆಂದು ಮತ್ತೆ ನಮ್ಮ ಮಾತಿನಲ್ಲಿ ಹೇಳಿದೆ. “ಎಂಟು ವರ್ಷ ನನ್ನ ಮಗ ಇವರ ಕೈಯಡುಗೆ ತಿಂದಿದಾನೆ. ಒಂದು ತುತ್ತು ಹರಾಂ ಬಾಯಿಗೆ ಹೋಗಿಲ್ಲ. ನನ್ನ ಸ್ವಂತ ತಮ್ಮನ ಮನೆ ಬಗ್ಗೆ ಇಷ್ಟು ಗ್ಯಾರಂಟಿ ಕೊಡಲ್ಲ ನಾನು.” ನಿನ್ನ ದೊಡ್ಡಕ್ಕ ನನ್ನ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಟ್ಟೆಯಲ್ಲಿದ್ದ ಅನ್ನವನ್ನು ಕೆದಕುತ್ತಾ ಕೂತೆ. ಖಾರವಾಯಿತೇ ಎಂದು ನೀನು ಕೇಳಿದೆ, ಹೌದು ಎಂದೆ.

ನಿನ್ನೆ ಪಂದ್ಯದ ನಂತರ ನಮ್ಮ ಪಾದ್ರಿಯವರನ್ನು ಕೇಳಿದೆ, ಹೆಸರು ಹೇಳದೆ. “ಉದ್ದೇಶ ಒಳ್ಳೇದಿತ್ತಲ್ಲ ಗ್ಲೆಂಡಾ,” ಎಂದು ಹೆಗಲು ತಟ್ಟಿದರು. ತಿಳಿಯದೆ ತಿಂದವನಿಗೆ ಪಾಪವಿಲ್ಲ ಎಂದು ನಿಮ್ಮಲ್ಲೂ ಹೇಳುತ್ತಾರಂತೆ, ಫ್ರೇಯಾ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಹಾರೂನ್ ಮಟ್ಟಿಗೆ ಅದು ನಿಜವಾಗಿರಲಿ ಎಂದು ಬೇಡಿಕೊಳ್ಳುತ್ತೇನೆ. ಆದರೆ ನಿನ್ನ ಮಾತೇನು? ಹೇಳಿದರೆ ಜೀವಮಾನದಲ್ಲಿ ಒಮ್ಮೆ ಹೊರಟವಳ ಯಾತ್ರೆಗೆ ಕಲ್ಲು ಹಾಕಿದ ಹಾಗೆ. ಹೇಳದಿದ್ದರೆ ಗುರುವಾರ ನೀನು ಕೊಟ್ಟ ಕ್ಷಮೆಯನ್ನು ಕದ್ದು ಇಟ್ಟುಕೊಂಡ ಹಾಗೆ. ಎರಡರಲ್ಲಿ ಯಾವುದು ಸರಿ ಎಂದು ನನಗೆ ತಿಳಿಯುತ್ತಿಲ್ಲ. ಇದನ್ನು ಕೇಳಲು ನನಗಿರುವ ಒಬ್ಬಳೇ ಗೆಳತಿ ನೀನು, ನಿನ್ನನ್ನೇ ಕೇಳುವ ಹಾಗಿಲ್ಲ.

ಕೊನೆಗೆ ಹೇಳುವುದನ್ನೇ ಆರಿಸಿಕೊಂಡಿದ್ದೇನೆ. ಅದು ನಿನಗೆ ಒಳ್ಳೆಯದೆಂದಲ್ಲ, ನನಗೆ ತಡೆಯಲಾಗುತ್ತಿಲ್ಲ, ಅಷ್ಟೇ. ನಾಳೆ ಬಸ್ಸಿನಲ್ಲಿ ಇಳಿದು ಬಂದು ಇದನ್ನು ನಾನೇ ನಿನ್ನ ಬಾಗಿಲ ಸೀಳಿನಲ್ಲಿ ಹಾಕುತ್ತೇನೆ, ಗಂಟೆ ಒತ್ತುವುದಿಲ್ಲ. ಹಾರೂನ್‌ಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಹೊರಡುವ ಮೊದಲು ಬರಬೇಡ ಎನ್ನುವುದಿಲ್ಲ. ಬಾ ಎನ್ನಲು ನನಗೆ ಮುಖವಿಲ್ಲ.

ನಿನ್ನ ಪ್ರಯಾಣ ಸುಖವಾಗಿರಲಿ. ಅಲ್ಲಿ ಬಿಸಿಲು ಜೋರಂತೆ, ನೀರು ಕುಡಿಯುವುದನ್ನು ಮರೆಯಬೇಡ.

ನಿನ್ನನ್ನು ಮಗಳೆಂದೇ ತಿಳಿದುಕೊಂಡಿರುವ
ಗ್ಲೆಂಡಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದಿದ್ದೇನೆ. ಎರಡು ವರ್ಷದ ಹಿಂದೆ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಫ್ರೇಯಾ ಕೇಳಿದ್ದು ನಿಜ, ಆದರೆ ನನಗೆ ಆಶ್ಚರ್ಯವೇನೂ ಆಗಲಿಲ್ಲ, ಮಗುವಿನ ಎದುರು ನಾಚಿಕೆಯಾಯಿತು. ನನಗೆ ಗೊತ್ತಾದದ್ದು ಹುಡುಗರು ಬಂದ ಎರಡನೇ ಬೇಸಿಗೆಯಲ್ಲೇ. ಟ್ರೆವರ್ ಐಸ್ ತೆಗೆದುಕೊಳ್ಳಲು ಪೆವಿಲಿಯನ್‌ನ ಅಡುಗೆಮನೆಗೆ ಬಂದವನು ಮೇಜಿನ ಮೇಲಿದ್ದ ಪೊಟ್ಟಣ ನೋಡಿ, “ಒಳಗಡೆ ಹಂದಿ ಇಲ್ಲ, ಸುತ್ತಲೂ ಮಾತ್ರ ಇದೆ ಅನ್ನು,” ಅಂದ. ಹೋಗಿ ಬಾರಿನಲ್ಲಿ ಹೇಳಿದ. ಒಬ್ಬೊಬ್ಬರೇ ಬಾಗಿಲಿಗೆ ಬಂದು ಇಣುಕಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಣಕ ಬದಲಿಸಿದರೆ ಆ ಹುಡುಗರಿಗಾಗಿ ನಮ್ಮ ಪೈ ಕೆಡಿಸಿದೆ ಎಂದು ಬಾರಿನವರು ಅನ್ನುತ್ತಾರೆ, ಹೇಳಿದರೆ ಹುಡುಗರು ಹೋಗಿಬಿಡುತ್ತಾರೆ ಎಂದು ಸುಮ್ಮನಾದೆ. ಕೋವಿಡ್ ವರ್ಷ ಬಿಟ್ಟು ಐದು ಬೇಸಿಗೆ. ಹಾರೂನ್ ಎರಡನೇ ತುಂಡಿಗೆ ಕೈ ಹಾಕಿದಾಗೆಲ್ಲ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ನಾನು ಅದನ್ನು ನೋಡುತ್ತಿದ್ದೆ. ಆ ಮೊದಲ ದಿನ ಅವರ ಜೊತೆ ನಾನೂ ನಕ್ಕೆ, ರಿಫತ್. ನಕ್ಕು, ಪೈ ಕೊಯ್ದು, ತಟ್ಟೆಗೆ ಜೋಡಿಸಿ ಹೊರಗೆ ತಂದೆ. ಹಾರೂನ್ ಎದ್ದು ಓಡಿ ಬಂದು, ಭಾರ ಇದೆ ಆಂಟಿ ಎಂದು ತಟ್ಟೆಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡ.