ದಿಕ್ಕು ತಪ್ಪಿಸಿದ ಉಡುಗೊರೆ

ಸೋಮವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ಮುದ್ದಿನ ಕಲ್ಲುಕುಟಿಗ ತಂಗೀ,

ಇವತ್ತು ಬೆಳಗ್ಗೆ ಅಪ್ಪನ ಅಂಗಿಗೆ ಗುಂಡಿ ಹೊಲಿದು ಸೂಜಿಯನ್ನು ಮೇಜಿನ ಮೇಲಿಟ್ಟಿದ್ದೆ. ಪಕ್ಕದಲ್ಲಿದ್ದ ನೋಟ್‌ಬುಕ್ ಎತ್ತಿಕೊಂಡರೆ ಸೂಜಿಯೂ ಜೊತೆಗೇ ಎದ್ದು ಬಂತು. ಹೊದಿಕೆಯ ಅಂಚಿಗೆ ಕಚ್ಚಿಕೊಂಡು ತೂಗಾಡುತ್ತಿತ್ತು. ನಾನು ಕದಲದೆ ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಏನೇ ಇದು, ದೆವ್ವ ಕಂಡವಳ ಹಾಗೆ ನಿಂತಿದೀಯ, ಟೀ ಆರಿ ನೀರಾಯ್ತು ಅಂತ ಅಮ್ಮ ಗದರಿದಳು.

ಆ ನೋಟ್‌ಬುಕ್ ನಿನಗೂ ಗೊತ್ತು. ನಿನ್ನ ಹುಟ್ಟುಹಬ್ಬಕ್ಕೆ ಕೊಟ್ಟೆನಲ್ಲ, ಹಸಿರು ಚರ್ಮದ ಹೊದಿಕೆಯದು, ಅದರ ಜೋಡಿ. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು ದಾರ ಸುತ್ತಿ ಕಟ್ಟುವುದು, ಇನ್ನೊಂದು ಟಕ್ಕೆಂದು ತಾನೇ ಮುಚ್ಚಿಕೊಳ್ಳುವುದು. ದಾರದ್ದು ಬಾಳಿಕೆ ಬರುತ್ತೆ ಕಣೇ ಅಂತ ಅಮ್ಮ ಬಡಕೊಂಡಳು. ನನಗೆ ಆ ಟಕ್ ಅನ್ನುವ ಸದ್ದೇ ಬೇಕಿತ್ತು. ಅದರೊಳಗೆ ಅಯಸ್ಕಾಂತ ಇರುತ್ತದೆ ಅನ್ನುವುದು ಸಾಹಿತ್ಯ ಓದಿದ ಈ ತಲೆಗೆ ಹೊಳೆಯಲೇ ಇಲ್ಲ.

ಈಗ ನಿನ್ನ ಕೊನೆಯ ಮೆಸೇಜಿಗೆ ಬರುತ್ತೇನೆ. ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಫೀಲ್ಡಿನಲ್ಲಿ ನೀನು ಗುಡ್ಡ ಹತ್ತಲೇ ಇಲ್ಲ, ಎಲ್ಲೋ ಕೂತು ಸುಳ್ಳು ಅಳತೆ ಬರೆದಿದ್ದೀಯ ಅಂತ ನಿನ್ನ ಭೂವಿಜ್ಞಾನದ ಮೇಷ್ಟ್ರು ಹೇಳಿದರಂತೆ. ಗುರುವಾರ ಸಂಜೆಯೊಳಗೆ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಮುಂದಿನ ವರ್ಷ ಮತ್ತೆ ಮಾಡಬಹುದು, ಇಲ್ಲದಿದ್ದರೆ ವಿಚಾರಣೆ ಅಂದರಂತೆ. ಸಹಿ ಹಾಕಿ ಮನೆಗೆ ಬಂದುಬಿಡ್ತೀನಿ, ಈ ಓದೇ ಬೇಡ ಅಂತ ನೀನು ಬರೆದಿದ್ದೆ.

ಹಾಕಬೇಡ. ಕೈಮುಗಿಯುತ್ತೇನೆ, ಹಾಕಬೇಡ.

ನಿನ್ನ ಕೋಳಿಕಾಲಿನ ಅಕ್ಷರವನ್ನು ನಾಲ್ಕು ವರ್ಷದಿಂದ ಶುದ್ಧಪ್ರತಿ ಮಾಡುತ್ತಿರುವವಳು ನಾನು. ನಿನ್ನ ಅಳತೆಗಳನ್ನೂ ನೀನು ಕಳಿಸಿದ್ದ ಜೊತೆಯವರ ಅಳತೆಗಳನ್ನೂ ಮತ್ತೆ ಅಕ್ಕಪಕ್ಕ ಇಟ್ಟು ನೋಡಿದೆ. ಕಲ್ಲಿನ ಪದರ ಎಷ್ಟು ಓರೆಯಾಗಿದೆ ಅನ್ನುವ ಅಂಕಿ ಎಲ್ಲ ಕಡೆಯೂ ಸರಿಯಾಗಿದೆ. ಯಾವ ದಿಕ್ಕಿಗೆ ವಾಲಿದೆ ಅನ್ನುವುದು ಮಾತ್ರ ತಪ್ಪು. ಅದೂ ಫೀಲ್ಡಿನ ಮೂರನೇ ದಿನದಿಂದ. ಕೂತಲ್ಲೇ ಸುಳ್ಳು ಅಂಕಿ ಬರೆಯುವವಳು ಅರ್ಧ ಮಾತ್ರ ಸರಿಯಾಗಿ ಊಹಿಸುತ್ತಾಳೆಯೇ? ಎರಡನೇ ದಿನದ ಮಳೆಗೆ ಹಳೆಯ ಪುಸ್ತಕ ನೆನೆದುಹೋಯಿತು, ನಾಳೆಯಿಂದ ನಿನ್ನ ಹಸಿರು ಪುಸ್ತಕಕ್ಕೆ ಯೋಗ ಬಂತು ಕಣೇ ಅಕ್ಕ ಅಂತ ಅಲ್ಲಿಂದಲೇ ಬರೆದಿದ್ದೆಯಲ್ಲ, ನೆನಪಿದೆಯೇ?

ನೀನು ಅಳೆಯುವ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸುತ್ತಿಗೆಯನ್ನು ಹತ್ತು ಹೆಜ್ಜೆ ದೂರ ಇಟ್ಟು ಬರುತ್ತೀಯ, ಕೈಗಡಿಯಾರ ಬಿಚ್ಚುತ್ತೀಯ, ಹತ್ತಿರದಲ್ಲಿ ಕಬ್ಬಿಣ ಇದ್ದರೆ ಕಂಪಾಸಿನ ಮುಳ್ಳು ಸುಳ್ಳು ಹೇಳುತ್ತೆ ಅನ್ನುತ್ತೀಯ. ಆಮೇಲೆ ಒರಟು ಕಲ್ಲಿನ ಮೇಲೆ ನೋಟ್‌ಬುಕ್ಕನ್ನು ಹಾಸಿ, ಅದರ ಮೇಲೆ ಕಂಪಾಸ್ ಇಡುತ್ತೀಯ. ಇಷ್ಟೆಲ್ಲ ಜೋಪಾನ ಮಾಡಿದವಳ ಕಂಪಾಸಿನ ಕೆಳಗೆ ಅಯಸ್ಕಾಂತ ಇಟ್ಟವಳು ನಿನ್ನ ಅಕ್ಕ. ಓರೆ ಅಳೆಯುವುದಕ್ಕೆ ಆ ಮುಳ್ಳು ಬೇಡ, ಅದಕ್ಕೇ ಆ ಅಂಕಿ ಕೆಡಲಿಲ್ಲ. ಮಂಜು ಕವಿದಿತ್ತು ಅಂದಿದ್ದೆ. ಸೂರ್ಯ ಕಂಡಿದ್ದರೆ ನಿನಗೇ ಅನುಮಾನ ಬರುತ್ತಿತ್ತು.

ನಿನ್ನ ಡ್ರಾಯರಿನಲ್ಲಿದ್ದ ಮೊದಲ ವರ್ಷದ ಕಂಪಾಸ್ ತೆಗೆದು ನೋಡಿದೆ. ಬರೀ ಮೇಜಿನ ಮೇಲೆ ಮುಳ್ಳು ಕಿಟಕಿಯನ್ನು ತೋರಿಸಿತು. ಹಸಿರು ಹೊದಿಕೆಯ ಮೇಲಿಟ್ಟರೆ ಅಪ್ಪನ ಕುರ್ಚಿಯ ಕಡೆ ತಿರುಗಿತು. ಪುಸ್ತಕ ತಿರುಗಿಸಿದರೆ ಅಡುಗೆಮನೆ. ಹೋಗ್ಲಿ ಬಿಡಮ್ಮ, ಉತ್ತರ ದಿಕ್ಕು ನನ್ನ ಕುರ್ಚಿಯಲ್ಲೇ ಇರಲಿ ಅಂತ ಅಪ್ಪ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ತಪ್ಪು ಒಂದೇ ಅಳತೆಯದಾಗಿದ್ದರೆ ಕೂಡಿ ಕಳೆದು ಸರಿಮಾಡಬಹುದಿತ್ತು. ಇದು ಹಾಗಲ್ಲ. ಆ ಗುಡ್ಡವನ್ನು ನೀನು ಮತ್ತೆ ಹತ್ತಲೇಬೇಕು, ಅದನ್ನು ಮುಚ್ಚಿಡುವುದಿಲ್ಲ. ಮೇಷ್ಟ್ರ ಸಿಟ್ಟೂ ಅನ್ಯಾಯದ್ದಲ್ಲ. ಪದರಗಳು ಗುಡ್ಡದ ಒಳಕ್ಕೆ ವಾಲಿವೆ ಅನ್ನುವ ನಿನ್ನ ನಕ್ಷೆ ನಂಬಿ ಅಲ್ಲಿ ರಸ್ತೆ ಕಡಿದರೆ, ನಿಜಕ್ಕೂ ಹೊರಕ್ಕೆ ವಾಲಿರುವ ಬಂಡೆ ಜಾರಿ ಜನರ ಮೇಲೆ ಬಂದೀತು. ಆದರೆ ತಪ್ಪು ಬೇರೆ, ಸುಳ್ಳು ಬೇರೆ.

ನೀನು ಸುಳ್ಳು ಹೇಳುವವಳಲ್ಲ ಅಂತ ನನಗೆ ಗೊತ್ತು. ಲ್ಯಾಬಿನಲ್ಲಿ ಬೆಳಕು ಹಾಯುವಷ್ಟು ತೆಳ್ಳಗೆ ಮೂರು ದಿನ ಉಜ್ಜಿದ ಕಲ್ಲಿನ ಚೂರು ಕೊನೇ ಗಳಿಗೆಯಲ್ಲಿ ಒಡೆದುಹೋಯಿತಲ್ಲ, ಆಗ ನಿನ್ನ ಗೆಳತಿ ನನ್ನದನ್ನೇ ತೋರಿಸು, ಕಲ್ಲಿಗೇನು ಹೆಸರು ಬರೆದಿರುತ್ತಾ ಅಂದಳಂತೆ. ನೀನು ಒಪ್ಪದೆ ಮತ್ತೆ ಮೂರು ದಿನ ಉಜ್ಜಿದೆ. ಬೆರಳ ತುದಿ ಸವೆದು ಫೋನ್ ಕೂಡ ನನ್ನ ಗುರುತು ಹಿಡೀತಿಲ್ಲ ಕಣೇ ಅಂತ ನಗುತ್ತಾ ಹೇಳಿದ್ದೆ. ಅಂಥವಳು ಮಾಡದ ಮೋಸಕ್ಕೆ ಸಹಿ ಹಾಕಬಾರದು.

ನನ್ನ ನೋಟ್‌ಬುಕ್ಕನ್ನೂ ಸೂಜಿಯನ್ನೂ ಇದರ ಜೊತೆ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಬುಧವಾರ ಕೈಸೇರುತ್ತದೆ. ಎಲ್ಲವನ್ನೂ ಮೇಷ್ಟ್ರಿಗೆ ತೋರಿಸು. ಈ ಪತ್ರವನ್ನೂ ಓದಲು ಕೊಡು. ಕೋಳಿಕಾಲಿನ ಮಾತು ಬಂದ ಸಾಲನ್ನು ಬೇಕಾದರೆ ಹೊಡೆದುಹಾಕು. ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ದಿಕ್ಕು ತಪ್ಪಿಸಿದ,
ಮೌನಗೌರಿ ಅಕ್ಕ

ಪತ್ರಕ್ಕೆ ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ಮೇಲೆ ಒಂದು ವಿಷಯ ಬರೆಯದೆ ಬಿಟ್ಟಿದ್ದೆ. ನಿನ್ನ ವರದಿಯ ಮೊದಲ ಹಾಳೆಯಲ್ಲಿದ್ದ ಮೇಷ್ಟ್ರ ನಂಬರಿಗೆ ಬೆಳಗ್ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅವರು ಹಲೋ ಅಂದ ಕೂಡಲೇ ಫೋನ್ ಇಟ್ಟುಬಿಟ್ಟೆ. ಕೊನೇ ಸಲ, ಯಾರ್ರೀ ಅದು, ಬೇರೆ ಕೆಲಸ ಇಲ್ವಾ ಅಂತ ರೇಗಿದರು. ಹೋದ ತಿಂಗಳ ಇಂಟರ್‌ವ್ಯೂನಲ್ಲಿ ಹೆಸರು ಕೇಳಿದರೂ ತೊದಲಿದವಳು ನಾನು, ಪತ್ರ ಬರೆದರೆ ಸಾಕು ಅಂದುಕೊಂಡು ಕೂತೆ. ಈಗ ಓದಿ ನೋಡಿದರೆ ಸಾಲದು ಅನಿಸುತ್ತಿದೆ. ಅವರು ನಾಲ್ಕು ಪ್ರಶ್ನೆ ಕೇಳಿದರೆ ಕಾಗದ ಉತ್ತರ ಕೊಡುವುದಿಲ್ಲ. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ನನ್ನ ಪಕ್ಕದಲ್ಲಿ ನಿಂತಿರು ಸಾಕು, ಮಾತು ನಾನಾಡುತ್ತೇನೆ.