ಭಾನುವಾರದ ಕಾಗದಗಳು

ಸಿಂಧನೂರು
೨೨ ಮೇ ೧೯೯೩, ಶನಿವಾರ

ಪ್ರೀತಿಯ ಆದಕ್ಕಾ,

ಹೇಗಿದ್ದೀ? ಭಾವನವರ ಮಂಡಿನೋವು ಕಡಿಮೆಯಾಯಿತೇ? ಮಸ್ಕಿಯ ಬಿಸಿಲಿನಲ್ಲಿ ನೀನು ಸೆರಗು ಹೊದೆಯದೆ ತಿರುಗುತ್ತಿರುತ್ತೀ ಎಂದು ಗೊತ್ತು, ಬೈಯಲು ಹತ್ತಿರ ನಾನಿಲ್ಲ. ಪಕೀರಿಗೆ ಅವಳ ಚಿಕ್ಕಮ್ಮನ ನೂರು ಮುತ್ತು. ನಾನಂತೂ ಚೆನ್ನಾಗಿದ್ದೇನೆ, ಎಷ್ಟು ಚೆನ್ನಾಗಿದ್ದೇನೆಂದರೆ ಹೇಳಿಕೊಳ್ಳಲು ನಾಚಿಕೆ. ಇವರು ಕಾಲುವೆ ಆಫೀಸಿನಿಂದ ಬರುವಾಗ ದಿನಾ ಏನಾದರೊಂದು ತರುತ್ತಾರೆ. ಒಂದು ದಿನ ಬಳೆ, ಒಂದು ದಿನ ಮೈಸೂರು ಪಾಕು, ಮತ್ತೊಂದು ದಿನ ಏನೂ ಸಿಗದೆ ತುರ್ವಿಹಾಳದಿಂದ ಒಂದು ದೊಡ್ಡ ಕುಂಬಳಕಾಯಿ. ಹೊಸ ಹೆಂಡತಿಗೆ ಕುಂಬಳಕಾಯಿ ತಂದವರನ್ನು ನೀನೆಲ್ಲಾದರೂ ಕಂಡಿದ್ದೀಯಾ? ಅತ್ತೆ ಮೂರು ದಿನ ಅದರದೇ ಪಲ್ಯ ಮಾಡಿ ಮಗನಿಗೇ ಬಡಿಸಿದರು.

ನಿನ್ನ ಕಾಗದ ಬುಧವಾರ ಬಂತು. ಪಕೀರಿಯನ್ನು ಜೂನ್ ಒಂದಕ್ಕೆ ನೀನು ಓದಿದ ಬೋರ್ಡಿಂಗ್ ಶಾಲೆಗೇ ಸೇರಿಸುತ್ತೇವೆ, ಟ್ರಂಕಿನ ಮೇಲೆ ಹೆಸರು ಬರೆಸಿದ್ದಾಯಿತು, ಇನ್ನು ಏನೇನು ಕಳಿಸಬೇಕು ಹೇಳು ಎಂದು ಕೇಳಿದ್ದೀ. ಮೂರು ದಿನದಿಂದ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಬಂದೇ ಹೇಳಬಹುದಿತ್ತು. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ. ಮೊದಲು ನನ್ನ ಗೆಳತಿಯರ ಸುದ್ದಿ ಬರೆಯುತ್ತೇನೆ, ಆಮೇಲೆ ಕೈ ತಾನೇ ಮುಂದೆ ಹೋದೀತು.

ನಮ್ಮ ಓಣಿಯ ಖಾತೂನ್‌ಬೀ ಉರ್ದು ಶಾಲೆಯ ಟೀಚರು. ಅವರ ಗಂಡ ಬಂದೇಸಾಬರದು ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ. ಹೈದರಾಬಾದಿನಿಂದ ತಂದ ಹಳೆ ಪುಸ್ತಕದ ಮೂಟೆಯಲ್ಲಿ ಅವರಿಗೆ ಹುಡುಗಿಯರ ಬೋರ್ಡಿಂಗ್ ಶಾಲೆಯ ಇಂಗ್ಲಿಷ್ ಕಥೆಗಳು ಸಿಕ್ಕಿವೆ, ರಟ್ಟು ಕಿತ್ತವು, ನಾನು ಚಿಕ್ಕಂದಿನಲ್ಲಿ ಓದುತ್ತಿದ್ದಂಥವು. ಗುರುವಾರ ಮಧ್ಯಾಹ್ನ ನಾನು, ಖಾತೂನ್‌ಬೀ, ದವಾಖಾನೆಯ ನರ್ಸ್ ಶೇಖರಮ್ಮ ಮೂವರೂ ಚಹಾ ಇಟ್ಟುಕೊಂಡು ಅವುಗಳದೇ ಮಾತು. "ಈ ಹುಡುಗ್ಯಾರು ಬರೇ ತಿಂತಾರ, ಹಾಕಿ ಆಡ್ತಾರ. ಪರೀಕ್ಷಾ ಯಾವಾಗ ಬರೀತಾರಬೇ?" ಎಂದು ಶೇಖರಮ್ಮ. "ಪರೀಕ್ಷಾ ನಿನ್ನಂಥಾಕಿಗೆ. ದೊಡ್ಡವರ ಮಕ್ಕಳಿಗೆ ಹಾಕಿ ಸಾಕು" ಎಂದು ಖಾತೂನ್‌ಬೀ. ಪ್ರತಿ ಕಥೆಯಲ್ಲೂ ಒಬ್ಬಳು ಚಾಡಿಕೋರಿ ಇರುತ್ತಾಳೆ, ಕೊನೆಗೆ ಕೆರೆಗೆ ಬಿದ್ದು ಎದ್ದು ಒಳ್ಳೆಯವಳಾಗುತ್ತಾಳೆ. "ನಮ್ಮ ದವಾಖಾನ್ಯಾಗ ಒಬ್ಬಾಕಿ ಅದಾಳ, ಆಕೀನ್ನೂ ಕಾಲುವಿಗೆ ದಬ್ಬಿ ನೋಡಬೇಕು" ಎಂದಳು ಶೇಖರಮ್ಮ. ನಕ್ಕು ನಕ್ಕು ನನ್ನ ಚಹಾ ಸೀರೆಯ ಮೇಲೆ ಚೆಲ್ಲಿತು.

ಮೊನ್ನೆ ಗುರುವಾರ ಖಾತೂನ್‌ಬೀ ಒಂದು ಅಧ್ಯಾಯ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ನಡುರಾತ್ರಿ ಹುಡುಗಿಯರು ಮಂಚದ ಕೆಳಗೆ ಬಚ್ಚಿಟ್ಟ ಕೇಕು, ಡಬ್ಬಿಯ ಮೀನು ತೆಗೆದು ತಿನ್ನುತ್ತಾರೆ. ಡಬ್ಬಿ ಬಿದ್ದು ಸದ್ದಾಗುತ್ತದೆ. ಮೇಡಂ ದೀಪ ಹಿಡಿದು ಬಂದು, ಬೈಯುವ ಬದಲು ನಕ್ಕು, ತಾವೂ ಒಂದು ತುಂಡು ತಿನ್ನುತ್ತಾರೆ.

ಅಕ್ಕಾ, ಈ ಕಥೆ ನಿನಗೆ ಗೊತ್ತು. ಕೇಕಿನ ಜಾಗದಲ್ಲಿ ಕರ್ಚಿಕಾಯಿ, ಮೀನಿನ ಜಾಗದಲ್ಲಿ ಶೇಂಗಾ ಹೋಳಿಗೆ. ಐದನೆಯ ಕ್ಲಾಸಿನಲ್ಲಿ ನಾನು ನಿನಗೆ ಬರೆದ ಕಾಗದ ಅದು. ನೀನು ಅದನ್ನು ಲಿಂಗಸುಗೂರಿನ ನಮ್ಮ ತವರ ಓಣಿಯ ಹೆಂಗಸರಿಗೆಲ್ಲ ಓದಿ ಹೇಳಿದ್ದೆ. ಮೊನ್ನೆ ಅದನ್ನು ಕೇಳುತ್ತಾ ನನಗೆ ಅಳು ಬಂತು. "ಹೊಸಾ ಮದುವಿ, ತವರು ನೆನಪಾಗೇತಿ ಬಿಡ್ರಿ" ಎಂದಳು ಶೇಖರಮ್ಮ. ಖಾತೂನ್‌ಬೀ ಪುಸ್ತಕ ಮುಚ್ಚಿ, "ನಿನ್ನ ಹಾಸ್ಟೆಲ್ ಹೀಂಗ ಇರಲಿಲ್ಲೇನವಾ?" ಎಂದರು.

ಇರಲಿಲ್ಲ. ಭಾನುವಾರ ಎಲ್ಲರನ್ನೂ ಸಾಲಾಗಿ ಕೂರಿಸಿ ಮನೆಗೆ ಕಾಗದ ಬರೆಸುತ್ತಿದ್ದರು. ಲಕೋಟೆ ಅಂಟಿಸದೆ ವಾರ್ಡನ್ ಕೈಗೆ ಕೊಡಬೇಕು, ಅವರು ಓದಿದ ಮೇಲೆ ಅಂಚೆಗೆ. ನನ್ನ ಮೊದಲ ಕಾಗದದಲ್ಲಿ ಒಂದೇ ಸಾಲಿತ್ತು: ಅಕ್ಕಾ, ನನ್ನನ್ನು ಕರೆದುಕೊಂಡು ಹೋಗು. ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹರಿದು, ಊಟದ ಹೊತ್ತು ಮುಗಿಯುವವರೆಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಶನಿವಾರ ಶನಿವಾರ ಅಲ್ಮಾರಿಯಿಂದ ಇಂಥದೇ ಒಂದೊಂದು ಕಥೆ ಪುಸ್ತಕ ಕೊಡುತ್ತಿದ್ದರು. ಮುಂದಿನ ಭಾನುವಾರದಿಂದ ನಾನು ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಬರೆದೆ. "ಇದು ಕಾಗದ ಅಂದ್ರ" ಎಂದು ವಾರ್ಡನ್ ಎಲ್ಲರಿಗೂ ತೋರಿಸಿದರು. ಐದು ವರ್ಷ ಹಾಗೇ ಬರೆದೆ.

ರಜೆಗೆ ಬಂದಾಗಲಾದರೂ ಹೇಳಬಹುದಿತ್ತಲ್ಲ ಎನ್ನುತ್ತೀ. ಅವ್ವ ಸತ್ತ ವರ್ಷ ಅಪ್ಪ ಇಬ್ಬರಲ್ಲಿ ಒಬ್ಬಳನ್ನು ಓದಿಸುತ್ತೇನೆ ಎಂದಾಗ "ಸುಮ್ಮಿ ಹೋಗ್ಲಿ, ನಾ ರೊಟ್ಟಿ ಬಡೀತೀನಿ" ಎಂದವಳು ನೀನು. ಬಸ್ಸಿಳಿದ ತಕ್ಷಣ ಟ್ರಂಕು ಕಸಿದುಕೊಂಡು, ಒಲೆಯ ಮುಂದೆ ನನ್ನನ್ನು ಕೂರಿಸಿ, "ಆ ಹಾಕಿ ಆಡಿದ್ದು ಹೇಳು, ಆ ನಗೋ ಮೇಡಂದು ಹೇಳು" ಎನ್ನುತ್ತಿದ್ದೆ. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ಕೇಳುತ್ತಿದ್ದೆ. ಆ ಶಾಲೆಗೆ ನೀನೂ ಹೋಗಿ ಬಂದ ಹಾಗಿರುತ್ತಿತ್ತು ನಿನ್ನ ಮುಖ. ಅದನ್ನು ನಿನ್ನಿಂದ ಹೇಗೆ ಕಿತ್ತುಕೊಳ್ಳಲಿ? ನಾನು ಹೇಳಿದೆ, ಇನ್ನೂ ನಾಲ್ಕು ಸೇರಿಸಿ ಹೇಳಿದೆ.

ಈಗ ಅಲ್ಲಿ ಎಲ್ಲ ಬದಲಾಗಿರಬಹುದು. ಆ ವಾರ್ಡನ್ ಇರಲಿಕ್ಕಿಲ್ಲ. ಭಾವನವರೂ ನೀನೂ ಕೂತು ಯೋಚಿಸಿ, ನಿಮಗೆ ಸರಿ ಕಂಡಂತೆ ಮಾಡಿ. ಭಾವನವರ ಪಾದಕ್ಕೆ ನನ್ನ ಮತ್ತು ಇವರ ನಮಸ್ಕಾರ ಮುಟ್ಟಿಸು. ನೀನು ಬಿಸಿಲಿಳಿದ ಮೇಲೆಯೇ ನೀರಿಗೆ ಹೋಗು.

ನಿನ್ನ ಕೈಯ ರೊಟ್ಟಿ ತಿಂದು ಬೆಳೆದ
ಸುಮ್ಮಿ

ತಾ.ಕ.: ಸರಿ ಕಂಡಂತೆ ಮಾಡಿ ಎಂದು ಬರೆದದ್ದು ನನ್ನ ಹೇಡಿತನ. ಕಳಿಸಬೇಡ. ಒಂದು ದಸರೆಯ ಮುಂದೆ ನೀನು ಬುತ್ತಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ನನ್ನನ್ನು ನೋಡಲು ಬಂದಿದ್ದೆಯಲ್ಲ, ನಿಮ್ಮ ಹುಡುಗಿ ಆಟಕ್ಕೆ ಬೇರೆ ಊರಿಗೆ ಹೋಗಿದ್ದಾಳೆ ಎಂದರಲ್ಲ. ನಾನು ಎಲ್ಲಿಗೂ ಹೋಗಿರಲಿಲ್ಲ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಮಹಡಿಯ ಕೋಣೆಯಲ್ಲಿ ಕೂಡಿ ಹಾಕಿದ್ದರು. ಕಿಟಕಿಯಿಂದ ನೋಡಿದೆ. ನೀನು ಗೇಟಿನವನಿಗೆ ನಗುತ್ತಾ ಏನೋ ಹೇಳಿದೆ, ತಂಗಿ ಆಟಗಾರ್ತಿ ಎಂದೇ ಇರಬೇಕು. ಬುತ್ತಿ ಅವನ ಕೈಗೆ ಕೊಟ್ಟು ಹೋದೆ. ನಾನು ಕೂಗಲಿಲ್ಲ. ಮುಂದಿನ ಭಾನುವಾರ, ಆ ಆಟದಲ್ಲಿ ಎರಡು ಗೋಲು ಹೊಡೆದೆ ಎಂದು ನಿನಗೆ ಬರೆದೆ. ಪಕೀರಿ ನಿನ್ನ ಹತ್ತಿರವೇ ಇರಲಿ, ಇಲ್ಲವೇ ನನ್ನ ಹತ್ತಿರ ಬಿಡು, ಇವರನ್ನೂ ಅತ್ತೆಯನ್ನೂ ಕೇಳಿಯಾಯಿತು. ಅವಳು ಏಳು ವರ್ಷಕ್ಕೇ ಎಷ್ಟು ಚೆಂದ ಕಾಗದ ಬರೆಯುತ್ತಾಳೆ, ಥೇಟ್ ನಿನ್ನ ಹಾಗೆ ಎಂದು ಬರೆದಿದ್ದೀ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.